ಅವ್ವ ಒರಗಿದ ಗೋಡೆ

ಚರ್ಚಿನ ಕಮಿಟಿಯಲ್ಲಿ ನಾನು ಇಂದಿನವರೆಗೆ ಗೆದ್ದ ವಾದ ಒಂದೇ. ಅದನ್ನೂ ಸೋತಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಿಪ್ಪಾಣಿಯ ನಮ್ಮ ಚರ್ಚು ಮಿಶನ್ ಕಾಲದ್ದು, ಕರಿಕಲ್ಲಿನದು. ಬಹಳ ಹಿಂದೆ ಯಾರೋ ಒಳಗೋಡೆಗೆ ಸಿಮೆಂಟು ಮೆತ್ತಿದ್ದರು. ನೆಲದಿಂದ ಏರಿದ ನೀರಿಗೆ ಹೊರಬರಲು ದಾರಿಯಿಲ್ಲದೆ ಗೋಡೆಯೆಲ್ಲ ಥಂಡಿ ಹಿಡಿದು, ಮಳೆಗಾಲದಲ್ಲಿ ಪ್ರಾರ್ಥನೆಗೆ ಕೂತವರ ಬೆನ್ನು ಒದ್ದೆಯಾಗುತ್ತಿತ್ತು. ಇನ್ನಷ್ಟು ಸಿಮೆಂಟು ಮೆತ್ತೋಣ ಎಂದರು ಹಿರಿಯರು. ನಾನು ನಿವೃತ್ತ ವಿಜ್ಞಾನ ಶಿಕ್ಷಕಿ, ಬಿಡುತ್ತೇನೆಯೇ? ಸುಣ್ಣದ ಗಚ್ಚು ಹಾಕಿದರೆ ಗೋಡೆ ಉಸಿರಾಡುತ್ತದೆ ಎಂದು ಪಾಠ ಶುರು ಮಾಡಿದೆ. ನಮ್ಮ ಕಡೆಯ ಹಳೆಯ ವಾಡೆ, ಬಸದಿಗಳೆಲ್ಲ ನಿಂತಿರುವುದು ಅದೇ ಗಚ್ಚಿನ ಮೇಲೆ. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುತ್ತಿದ್ದರು. ಹಿರಿಯರು ಒಪ್ಪಿದ್ದು ನನ್ನ ವಿಜ್ಞಾನಕ್ಕಲ್ಲ, ಗಂಟಲಿಗೆ.

ಅಂಗಳದಲ್ಲಿ ಸುಣ್ಣ ಅರಳಲು ಹಾಕಿದೆವು. ಬೆಲ್ಲದ ವಾಸನೆಗೆ ಇರುವೆಗಳು ನಮ್ಮ ಸಭೆಯವರಿಗಿಂತ ಶಿಸ್ತಾಗಿ ಸಾಲುಗಟ್ಟಿ ಬಂದವು. ಹಳೆಯ ಸಿಮೆಂಟನ್ನು ಪೂರಾ ಕೆತ್ತಿಹಾಕಲು ಗೌಂಡಿ ಮಾರುತಿಗೆ ಹೇಳಿ, ನಾನು ಅಥಣಿಗೆ ತಂಗಿಯ ಮನೆಗೆ ಹೋದೆ. ಮರಳಿ ಬಂದು ನೋಡಿದರೆ ಗೋಡೆ ಬರೀ ಕಲ್ಲು. ಆಗ ನೆನಪಾಗಿ, ಮೂಲೆಗೆ ಹೋಗಿ ಕಲ್ಲಿನ ಮೇಲೆ ಕೈಯಾಡಿಸತೊಡಗಿದೆ.

ಹೆಂಗಸರ ಬದಿಯ ಮೂಲೆಯಲ್ಲಿ, ಜಮಖಾನದ ಮೇಲೆ, ಗೋಡೆಗೆ ತಲೆ ಆನಿಸಿ ಅವ್ವ ಕೂರುತ್ತಿದ್ದಳು. ಅವಳ ಕೊಬ್ಬರಿ ಎಣ್ಣೆ ಅಲ್ಲಿ ಅಂಗೈ ಅಗಲದ ಕಲೆ ಮಾಡಿತ್ತು. ಪ್ರತಿ ಕ್ರಿಸ್‌ಮಸ್‌ಗೆ ಬಣ್ಣ ಬಳಿದರೂ ಮತ್ತೆ ಮೂಡುತ್ತಿತ್ತು. ಅವಳು ಹೋದ ಮೇಲೆ ನಾನೂ ಅಲ್ಲೇ ತಲೆ ಆನಿಸಿ ಕೂರುತ್ತಿದ್ದೆ. ನಗಬೇಡಿ, ಸಭಾಪಾಲಕರು ಪ್ರಸಂಗ ಹೇಳುವ ಅರ್ಧ ಹೊತ್ತು ನಿದ್ದೆಯನ್ನೂ ಮಾಡುತ್ತಿದ್ದೆ.

“ಏನ್ ಹುಡುಕಾಕತ್ತೀರಿ ಅಕ್ಕಾರ?” ಎಂದ ಮಾರುತಿ.

“ಇಲ್ಲೊಂದು ಎಣ್ಣಿ ಕಲಿ ಇತ್ತಲ್ಲೋ?”

“ಇತ್ತರಿ. ಸಿಮಿಟ್ ಒಂದ್ ಚೂರೂ ಉಳಸಬ್ಯಾಡ ಅಂತ ನೀವ ಹೇಳಿದ್ರಲ್ರೀ. ಗೇಟಿನ ಮುಂದಿನ ತಗ್ಗಿಗೆ ಹಾಕೇವ್ರಿ.”

ಹೊರಗೆ ಹೋದೆ. ಕಬ್ಬಿನ ಟ್ರ್ಯಾಕ್ಟರ್ ಹಾದು ಎಲ್ಲ ಪುಡಿಯಾಗಿತ್ತು. ಒಂದು ಹಿಡಿ ಎತ್ತಿಕೊಂಡೆ. ಯಾವುದು ಅವ್ವನ ಮೂಲೆಯದೋ ತಿಳಿಯದೆ ಅಲ್ಲೇ ಬಿಟ್ಟು, ಬೀದಿಯಲ್ಲೇ ನಿಂತು ಅತ್ತೆ. ವಾದ ಮಾಡುವಾಗ ಈ ಕಲೆ ಒಮ್ಮೆಯೂ ನೆನಪಾಗಲಿಲ್ಲ ಎಂಬುದೇ ಹೆಚ್ಚಿನ ಸಂಕಟ.

ಈಗ ಗೋಡೆ ಒಣಗಿದೆ. ಯಾರ ಬೆನ್ನೂ ಒದ್ದೆಯಾಗುವುದಿಲ್ಲ. ನಾನು ಅದೇ ಮೂಲೆಯಲ್ಲಿ ಕೂರುತ್ತೇನೆ. ಒರಗಲು ಮಾತ್ರ ಮನಸ್ಸಾಗುವುದಿಲ್ಲ. ಕಣ್ಣು ತೆರೆದು, ನೆಟ್ಟಗೆ, ಪ್ರಸಂಗ ಮುಗಿಯುವವರೆಗೂ ಕೂತಿರುತ್ತೇನೆ. ಕಳೆದ ಭಾನುವಾರ ಸಭಾಪಾಲಕರು ಬಾಗಿಲಲ್ಲಿ ಕೈಹಿಡಿದು ಸಂತೋಷಪಟ್ಟರು: “ಅಕ್ಕಾರ, ಈಚೀಚೆ ನಿಮ್ಮ ಭಕ್ತಿ ಭಾಳ ಹೆಚ್ಚಾಗೇತಿ ನೋಡ್ರಿ!”