ಬೀಗರು ಬಂದಾಗ ಅಪ್ಪ ಎದ್ದು ನಿಂತರು

ಮೊದಲು ಬಂದದ್ದು ಜ್ವರ. ಯೂರಿನ್ ಇನ್‌ಫೆಕ್ಷನ್ ಎಂದರು. ಅಪ್ಪನನ್ನು ಮಕ್ತಲ್‌ನಿಂದ ನಾರಾಯಣಪೇಟೆಗೆ ಕರೆತಂದು ಅಡ್ಮಿಟ್ ಮಾಡಿದೆ. ತೆಲಂಗಾಣ ರಾಜ್ಯ ಬಂದ ವಾರ ಅದು. ಹೊರಗೆ ಪಟಾಕಿ. ನಾನು ಪತ್ರಿಕೆಯ ವರದಿಗಾರ. ಆ ವಾರ ಒಂದು ಸಾಲೂ ಬರೆಯಲಿಲ್ಲ.

ಜ್ವರ ಇಳಿಯಿತು. ಆದರೆ ಅಪ್ಪ ಎದ್ದು ಕೂತರೆ ಸಾಕು, ಬಿಪಿ ಕುಸಿಯುತ್ತಿತ್ತು. ಬೀಳುವ ಅಪಾಯ ಇದೆ ಎಂದು ಡಾಕ್ಟರು ಎಚ್ಚರಿಸಿದರು. ನರ್ಸ್ ಬಂದು ವಿಚಾರಿಸಿದಳು. ಮೊದಲು ಎಂದಾದರೂ ಬಿದ್ದಿದ್ದಾರೆಯೇ? ಕಣ್ಣು ಮಂಜೇ? ನಿದ್ದೆಮಾತ್ರೆ ಇದೆಯೇ? ರಾತ್ರಿ ಮೂತ್ರಕ್ಕೆ ಏಳುತ್ತಾರೆಯೇ? ಎಲ್ಲಕ್ಕೂ ಉತ್ತರ ಕೊಟ್ಟೆ. ಅವಳು ಮಂಚದ ಕಂಬಿ ಎತ್ತಿದಳು, ನೆಲದ ಒದ್ದೆ ಒರೆಸಿಸಿದಳು.

"ತಾತಾ, ಲೇವದ್ದು," ಎಂದಳು. ಏಳಬೇಡ ಎಂದು.

"ಎದ್ದು ಎಲ್ಲಿಗೆ ಹೋಗ್ಲೆವ್ವಾ? ಧೋತರ ಬಿಚ್ಚಿಸಿ ಇಟ್ಕೊಂಡಿ ನೀನು!"

ಅವಳು ನಕ್ಕಳು.

ಮರುದಿನ ಮಧ್ಯಾಹ್ನ, ಊಟಕ್ಕೆಂದು ಕಂಬಿ ಇಳಿಸಿದ್ದ ಹೊತ್ತಿನಲ್ಲಿ, ಗದ್ವಾಲದಿಂದ ಬೀಗರು ಬಂದರು. ನನ್ನ ತಂಗಿಯ ಮಾವ. ಕೈಯಲ್ಲಿ ಪೇಡೆ ಡಬ್ಬಿ. ಬೀಗರು ಕೂರುವ ತನಕ ಹೆಣ್ಣು ಕೊಟ್ಟವರು ಕೂರುವುದಿಲ್ಲ. ನಮ್ಮಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಮೈಯೇ ಏಳುತ್ತದೆ.

"ಮಕ್ಕೊಳ್ರೀ ಬೀಗರ, ಏಳಬ್ಯಾಡ್ರೀ!" ಬಾಗಿಲಲ್ಲೇ ಅವರು ಕೂಗಿದರು.

"ಶರಣ್ರೀ, ಬರ್ರಿ ಬರ್ರಿ."

ಅಪ್ಪ ಆಗಲೇ ನಿಂತಿದ್ದರು. ಎರಡೂ ಕೈ ಮುಗಿದಿದ್ದರು. ಏನನ್ನಾದರೂ ಹಿಡಿಯಲು ಕೈ ಉಳಿದಿರಲಿಲ್ಲ.

ಬಿದ್ದರು.

ಸದ್ದು ಸಣ್ಣದು. ಎಕ್ಸ್‌ರೇಯಲ್ಲಿ ಸೊಂಟದ ಮೂಳೆ ಮುರಿದಿತ್ತು. ಮಹಬೂಬನಗರಕ್ಕೆ ಒಯ್ದೆವು. ಆಪರೇಷನ್ ಆಯಿತು. ಮತ್ತೆ ನಡೆಯುತ್ತಾರೆಯೇ ಎಂದು ಅಲ್ಲಿನ ಡಾಕ್ಟರನ್ನು ಕೇಳಿದೆ.

"ಮೊದಲು ನಿಲ್ಲಲಿ," ಎಂದರು.

ನನಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಕಾರಿಡಾರಿನಲ್ಲಿ ಕೂತು ಆ ನರ್ಸ್ ಕೇಳಿದ್ದನ್ನೆಲ್ಲ ಒಂದೊಂದಾಗಿ ನೆನೆದೆ; ಯಾರು ಬಂದರೆ ಇವರು ಎದ್ದು ನಿಲ್ಲುತ್ತಾರೆ ಎಂದು ಅವಳು ಕೇಳಿರಲಿಲ್ಲ, ಕೇಳಲು ಅವಳಿಗೆ ಕಾರಣವೂ ಇರಲಿಲ್ಲ, ಮರ್ಯಾದೆಯೂ ಮನುಷ್ಯನನ್ನು ಬೀಳಿಸುತ್ತದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ.

ಆಮೇಲೆ ಅಪ್ಪ ಏಳಲು ಒಪ್ಪಲಿಲ್ಲ. ಫಿಸಿಯೋಥೆರಪಿಯವರು ವಾಕರ್ ತಂದರೆ ಕಣ್ಣು ಮುಚ್ಚುತ್ತಿದ್ದರು. ಬೀಗರು ಮತ್ತೆ ಬಂದರು, ಬಾಗಿಲಾಚೆಯೇ ನಿಂತರು.

"ಈ ಸಲ ಎದ್ರ ಹಂಗ ಗದ್ವಾಲ ಬಸ್ ಹತ್ತತೀನಿ ನೋಡ್ರಿ."

"ಏಳಾಕ ಕಾಲು ನನ್ನವಲ್ರೀ ಈಗ," ಎಂದರು ಅಪ್ಪ. ಮಲಗಿಯೇ ಮಾತಾಡಿದರು. ಗೋಡೆಯ ಕಡೆ ಮುಖ. ಬೀಗರು ಹೆಚ್ಚು ಹೊತ್ತು ಇರಲಿಲ್ಲ.

ಈಗ ಮಕ್ತಲ್‌ನ ಮನೆಯಲ್ಲಿದ್ದೇವೆ. ನಿನ್ನೆ ಬೆಳಿಗ್ಗೆ, ಚಹಾ ಕುಡಿದಾದ ಮೇಲೆ, ವಾಕರ್ ಈಚೆ ಎಳಿ ಎಂದರು. ಎಳೆದೆ. ಬೆನ್ನಿಗೆ ಕೈ ಕೊಟ್ಟೆ. ತೊಡೆ ನಡುಗಿತು. ಉಸಿರು ಬಿಗಿಹಿಡಿದು ಎದ್ದರು.

"ಸಾಕೇನಪ್ಪಾ?"

"ಸುಮ್ನಿರೋ. ನಿಂತೀನಿ."

ಹೆಜ್ಜೆ ಇಡುತ್ತಾರೋ ಇಲ್ಲವೋ ತಿಳಿಯದು. ಅಪ್ಪ ಎರಡೂ ಕೈಯಲ್ಲಿ ವಾಕರ್ ಹಿಡಿದು ನಿಂತಿದ್ದರು. ಮಗ್ಗುಲಲ್ಲಿ, ಅವರ ಮಂಚದ ಅಂಚಿಗೆ, ನಾನು ಕುಸಿದು ಕೂತೆ.