ಶಾಂತವ್ವನ ಅವ್ವನ ಚಿತ್ರ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುವವಳು ನಾನೇ. ಕಾಕತಾಳೀಯ ಎಂದು ಮಾತು ಮುಗಿಸಿಬಿಡುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನಾನು ಚಿತ್ರ ಕಲಾವಿದೆ. ಬಲಗೈ ನಡುಗಲು ಶುರುವಾಗಿ ಕುಂಚ ಹಿಡಿಯುವುದು ನಿಂತುಹೋಯಿತು. ಬಹಳ ದಿನ ಸುಮ್ಮನೆ ಕುಳಿತಿದ್ದು, ಆಮೇಲೆ ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡುವುದನ್ನು ಕಲಿತೆ. ಮನಸ್ಸಿನಲ್ಲಿರುವುದನ್ನು ಮಾತಿನಲ್ಲಿ ವರ್ಣಿಸಬೇಕು, ಬಂದದ್ದನ್ನು ಮತ್ತೆ ಮತ್ತೆ ತಿದ್ದಿಸಬೇಕು. ನನ್ನ ಜೊತೆಯವರು ಇದನ್ನು ಕಲೆಯೆಂದು ಒಪ್ಪಲಿಲ್ಲ. ಯಂತ್ರದ ಚಿತ್ರಕ್ಕೆ ಯಾರ ಕಣ್ಣೂ ತೇವವಾಗುವುದಿಲ್ಲ ಎಂದು ಒಬ್ಬ ಹಿರಿಯರು ಮುಖಕ್ಕೇ ಹೇಳಿದರು.

ಮಹಾನಗರದ ಅಂಚಿನ ದಹಿಸರ್‌ನಲ್ಲಿರುವ ನಮ್ಮ ಬಿಲ್ಡಿಂಗಿಗೆ ಶಾಂತವ್ವ ಜೋಳದ ರೊಟ್ಟಿ ತಂದು ಕೊಡುತ್ತಿದ್ದಳು. ವಿಜಯಪುರದ ಕಡೆಯವಳು. ಒಂದು ಮಧ್ಯಾಹ್ನ ನನ್ನ ಕೆಲಸ ನೋಡುತ್ತ ನಿಂತವಳು ಕೇಳಿದಳು:

"ಇದು ನಮ್ಮವ್ವನ್ನ ತೆಗೀತೈತೇನ್ರಿ ಅಕ್ಕಾರ? ನಾ ಕೂಸಿದ್ದಾಗ ಸತ್ಲು. ಒಂದು ಫೋಟೋನೂ ಇಲ್ಲ."

ಅವಳಿಗೂ ಗೊತ್ತಿದ್ದದ್ದು ಕಡಿಮೆ, ಅದೂ ಮನೆಯವರಿಂದ ಕೇಳಿದ್ದು. ಕಪ್ಪು ಬಣ್ಣ, ಅಗಲ ಹಣೆ, ಹಸಿರು ಇಳಕಲ್ ಸೀರೆ. ಅದನ್ನೇ ಯಂತ್ರಕ್ಕೆ ಕೊಟ್ಟೆ. ಎಷ್ಟೋ ಮುಖಗಳು ಬಂದವು, ಶಾಂತವ್ವ ಅಲ್ಲವೆಂದು ತಲೆಯಾಡಿಸಿದಳು. ಕೊನೆಗೊಂದು ಮುಖ ನೋಡಿ, ರೊಟ್ಟಿಯ ಬುಟ್ಟಿ ಇಳಿಸಿ ಅಲ್ಲೇ ಕುಳಿತುಬಿಟ್ಟಳು.

ಆ ಚಿತ್ರದಲ್ಲಿ ಒಂದು ದೋಷವಿತ್ತು. ಎಡಗಿವಿಯ ಹಾಲೆ ಕೆಳತನಕ ಸೀಳಿತ್ತು. ಬೆರಳು, ಕಿವಿಗಳಲ್ಲಿ ಈ ಯಂತ್ರಗಳು ತಪ್ಪುವುದುಂಟು. ಸರಿಮಾಡಿಸಲು ಹೋದೆ. ಕಿವಿ ಸರಿಯಾದರೆ ಮುಖ ಬೇರೆಯಾಗುತ್ತಿತ್ತು. ಮುಖ ಉಳಿದರೆ ಸೀಳೂ ಉಳಿಯುತ್ತಿತ್ತು. ಸೋತು ಹಾಗೆಯೇ ಬಿಟ್ಟೆ.

ಬೈಕುಲ್ಲಾದ ಹಳೆಯ ವರ್ಕ್‌ಶಾಪ್ ಒಂದರಲ್ಲಿ ನನ್ನ ಪ್ರದರ್ಶನ ನಡೆಯಿತು. ಈ ಚಿತ್ರವನ್ನೂ ಅಲ್ಲಿ ತೂಗುಹಾಕಿದ್ದೆ. ಶಾಂತವ್ವ ಊರಿಂದ ಬಂದಿದ್ದ ಚಿಗವ್ವನನ್ನು, ಅಂದರೆ ತಾಯಿಯ ತಂಗಿಯನ್ನು, ಕರೆತಂದಿದ್ದಳು. ಏನನ್ನೂ ಮೊದಲೇ ಹೇಳಿರಲಿಲ್ಲ. ಆ ಮುದುಕಿ ಚಿತ್ರಗಳ ಮುಂದೆ ಹಾಯುತ್ತ ಬಂದು ಇದರೆದುರು ನಿಂತರು. "ಅಕ್ಕ" ಎಂದರು. ಆಮೇಲೆ ಆ ಕಿವಿಯನ್ನು ಮುಟ್ಟಿ ನನ್ನ ಕಡೆ ತಿರುಗಿದರು.

"ಇದನ್ನ ಯಾರು ಹೇಳಿದ್ರು ನಿಮಗ?"

ಯಾರೂ ಹೇಳಿಲ್ಲವೆಂದೆ. ಅವರು ಶಾಂತವ್ವನನ್ನೇ ನೋಡುತ್ತ ಹೇಳಿದರು: "ನಿನ್ನ ಬಗಲಾಗ ಎತ್ತಿಕೊಂಡಾಗ ನೀನ ಕಿವ್ಯಾಗಿನ ಬೆಂಡೋಲಿ ಹಿಡದು ಜಗ್ಗಿದ್ದಿ. ಕಿವಿ ಹರೀತು. ನೀ ನೊಂದ್ಕೋತಿ ಅಂತ ಯಾರೂ ಬಾಯಿ ಬಿಟ್ಟಿಲ್ಲ."

ಶಾಂತವ್ವ ಅಳುತ್ತಾಳೆಂದುಕೊಂಡೆ. ಅವಳ ಮುಖವೆಲ್ಲ ಅರಳಿತು.

"ಹಂಗಾದ್ರ ನಮ್ಮವ್ವ ನನ್ನ ಎತ್ತಿಕೊಂಡಿದ್ಲು," ಎಂದಳು.

ಯಂತ್ರವನ್ನು ಜರೆದಿದ್ದ ಆ ಹಿರಿಯರು ಪಕ್ಕದಲ್ಲೇ ಇದ್ದರು. ಅವರಿಗೆ ಕನ್ನಡ ಬಾರದು. ಆದರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ಅಂಥ ಗೆಲುವು ನಾನು ಕಂಡಿರಲಿಲ್ಲ.

ಪ್ರದರ್ಶನ ಮುಗಿಯುವವರೆಗೆ ಕಾಯದೆ ಚಿತ್ರವನ್ನು ಗೋಡೆಯಿಂದ ಇಳಿಸಿ ಶಾಂತವ್ವನ ಕೈಗೆ ಕೊಟ್ಟೆ. ಆಮೇಲೆ ಅವೇ ಮಾತುಗಳನ್ನು ಯಂತ್ರಕ್ಕೆ ಎಷ್ಟೋ ಸಲ ಕೊಟ್ಟು ನೋಡಿದ್ದೇನೆ. ಸೀಳಿದ ಕಿವಿ ಮತ್ತೆ ಬಂದಿಲ್ಲ. ಬಲ್ಲವರು ಆಕಸ್ಮಿಕ ಎನ್ನುತ್ತಾರೆ. ಇರಬಹುದು. ಅಲ್ಲವೆನ್ನಲು ನನ್ನಲ್ಲಿ ಆಧಾರವಿಲ್ಲ, ಹೌದೆನ್ನಲು ಮನಸ್ಸೊಪ್ಪುವುದಿಲ್ಲ.

ಚಿತ್ರ ಕೊಟ್ಟ ದಿನ ಸಂಜೆ ಲೋಕಲ್ ರೈಲಿನಲ್ಲಿ ನಾವು ಒಟ್ಟಿಗೇ ಹಿಂದಿರುಗಿದೆವು. ಕಾಲಿಡಲೂ ಜಾಗವಿಲ್ಲದ ಲೇಡೀಸ್ ಡಬ್ಬಿಯಲ್ಲಿ ಯಾರೋ ಸರಿದು ಚಿತ್ರಕ್ಕೆ ಜಾಗ ಮಾಡಿಕೊಟ್ಟರು. ಒಬ್ಬಾಕೆ ಯಾರಿದು ಎಂದು ಕೇಳಿದಳು. ಶಾಂತವ್ವ ಇಡೀ ಡಬ್ಬಿಗೆ ಕೇಳುವಂತೆ ಹೇಳಿದಳು: "ಮೇರಿ ಮಾ."