ಕರೆಂಟಣ್ಣ ಹಾಕಿದ ವೈರು

ಕರೆಂಟಣ್ಣನ ಕೈ ತಪ್ಪುವುದಿಲ್ಲ ಎಂಬ ಮಾತು ಆ ಬಾಟಲಿ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ಎಲ್ಲರಿಗಿಂತ ಹೆಚ್ಚಾಗಿ ಕರೆಂಟಣ್ಣನ ಬಾಯಲ್ಲೇ ಇತ್ತು. ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿ ತಲೆ ನರೆಯುವಷ್ಟು ಕಾಲ ದುಡಿದವನು. ಎಲ್ಲೋ ಮೋಟಾರು ಸುಟ್ಟರೆ ವಾಸನೆ ಹಿಡಿದೇ ಯಾವ ಲೈನಿನದು ಎಂದು ಹೇಳುತ್ತಿದ್ದ. ಹೇಳಲಿ, ಬೇಡ ಅಂದವರು ಯಾರು? ಹೇಳಿದ ಮೇಲೆ ಸುಮ್ಮನಿರಬೇಕಲ್ಲ! "ನಾನು ಹಾಕಿದ ವೈರನ್ನ ಇನ್ನೊಬ್ಬ ಬಿಚ್ಚಿ ಹಾಕಿದ್ದು ಇಲ್ಲೀವರೆಗೂ ಇಲ್ಲ ನೋಡಿ" ಎಂದು ಊಟದ ಡಬ್ಬಿ ತೆರೆಯುವಾಗ ಒಮ್ಮೆ, ಮುಚ್ಚುವಾಗ ಒಮ್ಮೆ ಹೇಳಲೇಬೇಕು. ಮನುಷ್ಯ ಕೆಟ್ಟವನಲ್ಲ. ಜಂಭ ಸ್ವಲ್ಪ ಜಾಸ್ತಿ, ಅಷ್ಟೆ.

ಅವನ ಅಕ್ಕನ ಗಂಡ ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದ. ಕರೆಂಟಣ್ಣ 'ಭಾವ, ಭಾವ' ಎಂದು ಕರೆದೂ ಕರೆದೂ ಕಾರ್ಖಾನೆಗೆಲ್ಲ ಅವನು ಭಾವನೇ ಆಗಿಬಿಟ್ಟಿದ್ದ. ಗೇಟಿನ ಸೆಕ್ಯೂರಿಟಿಯವನೂ "ಭಾವ, ಇಲ್ಲೊಂದು ಸೈನ್ ಹಾಕಿ" ಎನ್ನುತ್ತಿದ್ದ. ಮಾತು ಕಡಿಮೆ. ಬೋಲ್ಟು ಕೇಳಿದರೆ ಬೋಲ್ಟು ಕೊಡುವವನು, ಏನೂ ಕೇಳದಿದ್ದರೆ ಸುಮ್ಮನಿರುವವನು. ಈ ಇಬ್ಬರಿಗೂ ಇದ್ದದ್ದು ಒಂದೇ ಹುಚ್ಚು. ಸಂಜೆ ಮನೆಗೆ ಹೋಗಿ ಕೈಕಾಲು ತೊಳೆದು, ತಮ್ಮ ತಮ್ಮ ಕಂಪ್ಯೂಟರಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಲಾರಿ ಓಡಿಸುವುದು. ಆಟದ ಲಾರಿ ಸ್ವಾಮಿ, ನಿಜವಾದದ್ದಲ್ಲ. ಯಾವುದೋ ಬೆಟ್ಟದ ದಾರಿಯಲ್ಲಿ ಭಾವನ ಲಾರಿ ಮುಂದೆ, ಮೈದುನನ ಲಾರಿ ಹಿಂದೆ. "ದಿನವೆಲ್ಲ ದುಡಿದು ಬಂದು ಸಂಬಳ ಇಲ್ಲದ ಡ್ರೈವರ್ ಕೆಲಸ ಬೇರೆ!" ಎಂದು ಕರೆಂಟಣ್ಣನ ಹೆಂಡತಿ ನಗುತ್ತಿದ್ದಳು.

ಆದರೆ ಕರೆಂಟಣ್ಣನ ಕಂಪ್ಯೂಟರಿಗೆ ವಯಸ್ಸಾಗಿತ್ತು. ಹೊಸ ಆಟಗಳ ಭಾರ ಅದಕ್ಕೆ ತಡೆಯುತ್ತಿರಲಿಲ್ಲ. ಸ್ಟೇರಿಂಗ್ ಈಗ ತಿರುಗಿಸಿದರೆ ಲಾರಿ ಆಮೇಲೆ ತಿರುಗುತ್ತಿತ್ತು, ಅಷ್ಟರಲ್ಲಿ ಅದು ಕಂದಕದಲ್ಲಿರುತ್ತಿತ್ತು. ಪ್ರತಿ ತಿರುವಿನಲ್ಲೂ ಭಾವ ತನ್ನ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದ. "ಬಾ ಬಾ, ಅವಸರ ಇಲ್ಲ" ಎಂದು ಹೆಡ್‌ಫೋನಿನಲ್ಲಿ ಅವನ ಧ್ವನಿ ಕೇಳುತ್ತಿತ್ತು. ಹೊಸ ಕಂಪ್ಯೂಟರು ಕೊಳ್ಳುವ ಮಾತೇ ಇರಲಿಲ್ಲ. ಕರೆಂಟಣ್ಣ ಪೇಂಟ್ ಬ್ರಷ್ಷಿನಿಂದ ಫ್ಯಾನುಗಳ ಧೂಳು ಕೆರೆದ, ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಮೆಮರಿ ತಂದು ಸಿಕ್ಕಿಸಿದ, ಹಳೆಯ ಡಿಸ್ಕು ತೆಗೆದು ವೇಗದ್ದೊಂದು ಹಾಕಿದ. ಲಾರಿ ಮಾತ್ರ ಕಂದಕ ಬಿಡಲಿಲ್ಲ. ಬೇಕಿದ್ದದ್ದು ಗ್ರಾಫಿಕ್ಸ್ ಕಾರ್ಡು, ಅಂದರೆ ಆಟದ ಚಿತ್ರಗಳನ್ನೆಲ್ಲ ತಾನೇ ಬಿಡಿಸಿ ಪರದೆಗೆ ಕಳಿಸುವ, ಎರಡು ಫ್ಯಾನಿನ ದಪ್ಪನೆಯ ತುಂಡು. ಅದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು.

ಆಗ ಭಾವನೇ ಹೇಳಿದ. "ನಾನು ಬೇರೆ ಕಾರ್ಡು ಹಾಕಿಸ್ತಿದೀನಿ. ಹಳೇದು ಚೆನ್ನಾಗೇ ಇದೆ. ಅಂಗಡಿಯವನು ಕೇಳ್ದ, ಕೊಡ್ಲಿಲ್ಲ. ನೀನೇ ತಗೋ, ಅವನು ಹೇಳಿದ್ದರ ಅರ್ಧ ಕೊಡು ಸಾಕು."

ಭಾನುವಾರ ಬೆಳಿಗ್ಗೆ ಕರೆಂಟಣ್ಣ ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಕಂಪ್ಯೂಟರ್ ಡಬ್ಬದ ಹೊಟ್ಟೆ ಬಿಚ್ಚಿದ. ಪ್ರೈಮರಿ ಸ್ಕೂಲಿನ ಮಗಳು ಮಂಚದ ಮೇಲೆ ಮೊಣಕಾಲೂರಿ ಕೂತು ನೋಡುತ್ತಿದ್ದಳು. ಅಪ್ಪ ಸ್ಕ್ರೂ ಡ್ರೈವರ್ ಹಿಡಿದರೆ ಆ ಮಗುವಿಗೆ ಊಟ ತಿಂಡಿ ನೆನಪಾಗುತ್ತಿರಲಿಲ್ಲ. ಕಾರ್ಡು ಕೂತಿತು, ಮುಚ್ಚಳ ಮುಚ್ಚಿತು, ಡಬ್ಬ ಗೋಡೆಗೆ ಒರಗಿತು, ಪರದೆಯ ವೈರನ್ನು ಹಿಂದಕ್ಕೆ ಕೈ ಹಾಕಿ ಸಿಕ್ಕಿಸಿದ್ದೂ ಆಯಿತು. ಚಿತ್ರ ಬಂತು, ಕಾರ್ಡಿನ ಫ್ಯಾನೂ ತಿರುಗಿತು. ಲಾರಿ ಹತ್ತಿದರೆ, ಅದೇ ಕಂದಕ! ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಅದೇ.

ಮಾರನೆಯ ದಿನ ಕ್ಯಾಂಟೀನಿನಲ್ಲಿ, ತುಂಬಿದ ಮೇಜಿನ ನಡುವೆ, ಕರೆಂಟಣ್ಣ ಸಿಡಿದ. "ಏನ್ ಭಾವ, ಸತ್ತ ಮಾಲನ್ನ ನನ್ನ ತಲೆಗೆ ಕಟ್ಟಿದ್ರಲ್ಲ! ಸ್ವಂತ ಮೈದುನನೇ ಸಿಕ್ಕಿದ್ನಾ ನಿಮಗೆ ಟೋಪಿ ಹಾಕಕ್ಕೆ?"

ಭಾವ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಇಳಿಸಿದ. "ನನ್ನ ಹತ್ರ ಮೊನ್ನೆವರೆಗೂ ಓಡ್ತಿತ್ತಲ್ಲ ಮಾರಾಯ. ವೈರ್ ಎಲ್ಲಿಗೆ ಹಾಕಿದೀಯ, ಒಂದ್ಸಲ ನೋಡು."

"ನಂಗೆ ವೈರ್ ಹಾಕೋದು ಹೇಳ್ಕೊಡ್ತೀರಾ? ನಂಗೆ?"

ಮೇಜಿಗೆ ಮೇಜೇ ನಕ್ಕಿತು. ಲೇತ್ ಮಿಷಿನ್ನಿನ ದಪ್ಪನೆಯ ಆಪರೇಟರು ಬಾಯೊರೆಸಿಕೊಂಡು, "ಸರಿಬಿಡಿ, ಇನ್ಮೇಲೆ ಇವರು ಬರೀ ಭಾವ ಅಲ್ಲ, ಗುಜರಿ ಭಾವ" ಎಂದ. ಭಾವನ ಕಿವಿ ಕೆಂಪಾದದ್ದನ್ನು ಕರೆಂಟಣ್ಣ ನೋಡಿದ. ನೋಡಿ, ಸರಿಯಾಗೇ ಆಯಿತು ಎಂದುಕೊಂಡ. ಈ ಮಾತನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹಾಗೆಯೇ ಅಂದುಕೊಂಡ.

ಅದೇ ಸಂಜೆ ಭಾವ ಮನೆಗೆ ಬಂದ. ಚಹಾ ಬೇಡ ಎಂದು ನೇರ ಕಂಪ್ಯೂಟರಿನ ಬಳಿ ಹೋಗಿ, ಮೇಜಿನ ಸಂದಿಯಲ್ಲಿ ಕತ್ತು ತೂರಿಸಿ ಡಬ್ಬದ ಹಿಂಬದಿ ನೋಡಿದ. ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿಕೊಂಡಿದ್ದ. ಮಗಳು ಹತ್ತಿರ ಹೋಗಿ ನಿಂತಳು. ಮಾವ ಅಂದರೆ ಹೆಗಲೇರುತ್ತಿದ್ದ ಹುಡುಗಿ, ಅವತ್ತು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಮಾವ, ಹಾಳಾಗಿರೋದನ್ನ ಯಾಕೆ ಕೊಟ್ರಿ? ನಮ್ಮಪ್ಪ ಯಾವತ್ತೂ ವೈರ್ ತಪ್ಪು ಹಾಕಲ್ಲ."

ಭಾವ ಎದ್ದು ನಿಂತು ಮೊಣಕಾಲಿನ ಧೂಳು ಕೊಡವಿಕೊಂಡ. ಹುಡುಗಿಯ ಮುಖ ನೋಡಿದ, ಅವಳ ಅಪ್ಪನ ಮುಖ ನೋಡಿದ. "ಹೂಂ ಪುಟ್ಟಿ. ಹಾಳಾಗಿರ್ಬೇಕು" ಎಂದ. ಕಾರ್ಡಿಗೆಂದು ತೆಗೆದುಕೊಂಡಿದ್ದ ಹಣವನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಕಾರ್ಡು ಬಿಚ್ಚಿಕೊಡಲೇ ಎಂದು ಕರೆಂಟಣ್ಣ ಬಿಗಿಯಾಗಿ ಕೇಳಿದರೆ, "ಅಲ್ಲೇ ಇರ್ಲಿ, ನಾನು ತಗೊಂಡೋಗಿ ಏನ್ ಮಾಡ್ಲಿ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ.

ಲಾರಿಗಳು ಅಂದಿಗೇ ನಿಂತವು. ಕಾರ್ಖಾನೆಯಲ್ಲಿ ಮಾತ್ರ ಆ ಹೆಸರು ಓಡತೊಡಗಿತು. ಸ್ಟೋರ್ಸಿಗೆ ಬೇರಿಂಗ್ ತರಲು ಹೋದವರು "ಇದು ಹೊಸದೋ, ಗುಜರಿಯೋ?" ಎಂದು ಕಣ್ಣು ಮಿಟುಕಿಸುತ್ತಿದ್ದರು. ಕಿವಿಗೆ ಬಿದ್ದದ್ದನ್ನೇ ನಂಬಿದ ಮ್ಯಾನೇಜರು ಒಂದು ದಿನ ಬಂದು, ಎಂದೂ ಇಲ್ಲದ್ದು, ಸ್ಟೋರ್ಸಿನ ಡಬ್ಬಗಳನ್ನೆಲ್ಲ ಬಿಚ್ಚಿಸಿ ನೋಡಿದ. ಭಾವ ಕ್ಯಾಂಟೀನಿಗೆ ಬರುವುದನ್ನು ಬಿಟ್ಟು ಕೌಂಟರಿನ ಹಿಂದೆಯೇ ಒಬ್ಬನೇ ಡಬ್ಬಿ ಬಿಚ್ಚತೊಡಗಿದ. ಕರೆಂಟಣ್ಣ ಆ ಕಿಟಕಿಯ ಮುಂದೆ ಹಾದುಹೋಗುವಾಗ ಕತ್ತು ನೆಟ್ಟಗೆ ಇಟ್ಟುಕೊಂಡು ಹೋಗುತ್ತಿದ್ದ.

ತಿಂಗಳುಗಳು ಕಳೆದವು. ಗೋಡೆಗೆ ಬಣ್ಣ ಬಳಿಸೋಣವೆಂದು ಹೆಂಡತಿ ಹಟ ಹಿಡಿದಳು. ಕೋಣೆ ಖಾಲಿ ಮಾಡಲು ಕರೆಂಟಣ್ಣ ಕಂಪ್ಯೂಟರ್ ಡಬ್ಬವನ್ನು ವೈರಿನ ಸಮೇತ ಈಚೆಗೆಳೆದು, ಬಾಗಿಲ ಬೆಳಕಿಗೆ ಅದರ ಬೆನ್ನು ತಿರುಗಿಸಿದ. ವೈರು ಕೀಳಲು ಕೈ ಚಾಚಿದವನು ಅಲ್ಲೇ ನಿಂತ.

ಒಂದೇ ಆಕಾರದ ಸಾಕೆಟ್ಟುಗಳು ಎರಡು ಕಡೆ ಇದ್ದವು. ಮೇಲಿನದು ಕಂಪ್ಯೂಟರಿನ ಹುಟ್ಟಿನ ಜೊತೆ ಬಂದದ್ದು, ಕೆಳಗಿನದು ಹೊಸ ಕಾರ್ಡಿನದು. ಪರದೆಯ ವೈರು ಮೇಲಿನದರಲ್ಲಿತ್ತು. ಇಷ್ಟು ವರ್ಷ ಕಣ್ಣು ಮುಚ್ಚಿ ಸಿಕ್ಕಿಸಿದ ಜಾಗ. ಅವತ್ತೂ ಕೈ ತಾನಾಗಿ ಅಲ್ಲಿಗೇ ಹೋಗಿತ್ತು. ಅಲ್ಲಿಗೆ ಹಾಕಿದರೂ ಚಿತ್ರವೇನೋ ಬರುತ್ತದೆ, ಆದರೆ ಅದನ್ನು ಬಿಡಿಸುವುದು ಹಳೆಯ ಕಂಪ್ಯೂಟರೇ. ಕಾರ್ಡು ಪಾಪ, ಫ್ಯಾನು ತಿರುಗಿಸಿಕೊಂಡು ಕೆಲಸವಿಲ್ಲದೆ ಕೂತಿತ್ತು, ಅಷ್ಟು ತಿಂಗಳು.

ಅಯ್ಯೋ ದೇವರೇ! ಯಾರಾದರೂ ನೋಡಿದರೇ ಎಂದು ಕರೆಂಟಣ್ಣ ಮೊದಲು ಸುತ್ತ ನೋಡಿದ. ನೋಡಿ, ಹಾಗೆ ನೋಡಿದ್ದಕ್ಕೇ ನಾಚಿದ. ಹೆಂಡತಿ ಅಡುಗೆಮನೆಯಲ್ಲಿದ್ದಳು. ವೈರನ್ನು ಕೆಳಗಿನ ಸಾಕೆಟ್ಟಿಗೆ ಬದಲಿಸಿ, ನೆಲದ ಮೇಲೆಯೇ ಪರದೆ ಇಟ್ಟುಕೊಂಡು ಆನ್ ಮಾಡಿದ. ಲಾರಿ ಬೆಣ್ಣೆಯ ಹಾಗೆ ಜಾರಿತು. ದಾರಿ ಪಕ್ಕದ ಎಲೆ ಎಲೆಯೂ ಕಾಣುತ್ತಿತ್ತು. ಮೊದಲ ತಿರುವಿಗೆ ಬಂದ. ಅಲ್ಲಿ ಯಾರೂ ಕಾಯುತ್ತಿರಲಿಲ್ಲ. ಆಫ್ ಮಾಡಿಬಿಟ್ಟ.

ಹೇಳಬೇಕು ಎಂದು ಮನಸ್ಸಿಗೆ ಬಂತು, ನಾಲಿಗೆಗೆ ಬರಲಿಲ್ಲ. ಕಾರ್ಡೂ ಅವನ ಹತ್ತಿರ, ಹಣವೂ ಅವನ ಹತ್ತಿರ, ಗುಜರಿ ಎಂಬ ಹೆಸರು ಮಾತ್ರ ಭಾವನ ಹತ್ತಿರ. ಆದರೂ ಈ ಮನುಷ್ಯ ಹುಡುಕಿದ್ದು ಏನನ್ನು? ಮಾನ ಉಳಿಸಿಕೊಂಡು ಹಣ ವಾಪಸ್ ಕೊಡುವ ದಾರಿಯನ್ನು! ಭಾವ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು, ಹಣವನ್ನು ಕವರಿನಲ್ಲಿ ಹಾಕಿ ಅಕ್ಕನ ಮನೆಗೆ ಹೋದ. ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು.

"ಅಕ್ಕ, ಆ ಕಾರ್ಡು ಸರಿ ಹೋಯ್ತು. ಧೂಳು ಸೇರ್ಕೊಂಡಿತ್ತು ಅನ್ಸುತ್ತೆ. ಒರೆಸಿದ ಮೇಲೆ ಓಡ್ತಿದೆ. ಭಾವಂಗೆ ಇದನ್ನ ಕೊಟ್ಬಿಡು."

"ಧೂಳಾ?" ಅಕ್ಕ ಕೈಯಲ್ಲಿದ್ದ ದುಪ್ಪಟಿ ಮಡಚುವುದನ್ನು ನಿಲ್ಲಿಸಲಿಲ್ಲ.

"ಹೂಂ. ಬ್ರಷ್ ತಗೊಂಡು..."

"ಲೋ, ನಿಂಗೆ ಚಿಕ್ಕಂದಿನಿಂದ್ಲೂ ಸುಳ್ಳು ಹೇಳಕ್ಕೆ ಬರಲ್ಲ. ಯಾಕೋ ಕಷ್ಟ ಪಡ್ತೀಯ?" ಅಕ್ಕ ಈಗ ತಲೆಯೆತ್ತಿದಳು. "ವೈರ್ ಮೇಲಿನ ಸಾಕೆಟ್ಟಿಗೆ ಹಾಕಿದಾನೆ ಅಂತ ಅವರು ಅವತ್ತು ರಾತ್ರಿನೇ ಹೇಳಿದ್ರು."

ಕರೆಂಟಣ್ಣನ ಕೈಯಲ್ಲಿದ್ದ ಕವರು ಕೈಯಲ್ಲೇ ಉಳಿಯಿತು. "ಮತ್ತೆ... ನಂಗ್ಯಾಕೆ ಹೇಳ್ಲಿಲ್ಲ?"

"ಮಗು ಎದುರಿಗಿತ್ತಂತೆ. ನಮ್ಮಪ್ಪ ತಪ್ಪು ಹಾಕಲ್ಲ ಅಂದ್ಲಂತೆ. 'ಆ ಮಗುಗೆ ಅಪ್ಪ ಅಂದ್ರೆ ಅಷ್ಟೆತ್ತರ ಕಣೇ, ನಾನ್ಯಾಕೆ ಇಳಿಸ್ಲಿ, ಅವನೊಬ್ನೇ ಸಿಕ್ಕಾಗ ಹೇಳ್ತೀನಿ' ಅಂದ್ರು. ಮಾರನೇ ದಿನ ಹೋದ್ರೆ ಕಾರ್ಖಾನೆ ತುಂಬಾ ಗುಜರಿ ಭಾವ, ಗುಜರಿ ಭಾವ. ನೀನೂ ಜೊತೇಲಿ ನಗ್ತಾ ಇದ್ಯಂತೆ. ಆಮೇಲೆ ಹೇಳಕ್ಕೆ ಅವರಿಗೂ ಮನಸ್ಸು ಬರ್ಲಿಲ್ಲ." ಅವಳು ದುಪ್ಪಟಿಯನ್ನು ಪಕ್ಕಕ್ಕೆ ಎಸೆದಳು. "ನಾನು ಉಗಿಬೇಕು ಅಂತ ಎಷ್ಟು ಸಲ ಫೋನ್ ಎತ್ಕೊಂಡೆ ಗೊತ್ತಾ? ಬೇಡ ಅಂತ ಕೈಯಿಂದ ಕಿತ್ಕೊಂಡ್ರು. ಆ ಕವರ್ ಇಲ್ಲಿಡಬೇಡ. ಹೇಳೋದನ್ನ ಹೇಳಿ ಅವರ ಕೈಗೇ ಕೊಡು."

ಅಕ್ಕನ ಮನೆಯ ಮೆಟ್ಟಿಲು ಇಳಿಯುವಾಗ ಕರೆಂಟಣ್ಣನಿಗೆ ಯಾವ ಮಾತು ಹೆಚ್ಚು ಚುಚ್ಚಿತೋ ಹೇಳುವುದು ಕಷ್ಟ. ತಪ್ಪು ಮಾಡಿದ್ದು ಒಂದು ಕಡೆ ಇರಲಿ. ಎಲ್ಲ ಗೊತ್ತಿದ್ದ ಅಕ್ಕನ ಮುಂದೆ ಧೂಳು, ಬ್ರಷ್ ಎಂದು ಕಥೆ ಕಟ್ಟಿದನಲ್ಲ! ಅದನ್ನು ನೆನೆದಾಗಲೆಲ್ಲ ದಾರಿಯ ಮೇಲೆಯೇ ಕಣ್ಣು ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು.

ಮರುದಿನ ಊಟದ ಗಂಟೆ ಹೊಡೆದಾಗ ಅವನು ಸ್ಟೋರ್ಸಿಗೆ ಹೋದ. "ಭಾವ, ಊಟಕ್ಕೆ ಬನ್ನಿ" ಎಂದ. "ಇಲ್ಲೇ ಆಗುತ್ತಲ್ಲ" ಎಂದ ಭಾವ, ತಲೆಯೆತ್ತದೆ. ಕರೆಂಟಣ್ಣ ಮತ್ತೆ ಕರೆಯಲಿಲ್ಲ. ಕೌಂಟರಿನ ಮೇಲಿದ್ದ ಭಾವನ ಊಟದ ಡಬ್ಬಿಯನ್ನೇ ಎತ್ತಿಕೊಂಡು ಕ್ಯಾಂಟೀನಿನ ಕಡೆ ನಡೆದ. ಹಸಿದ ಮನುಷ್ಯ ಡಬ್ಬಿಯ ಹಿಂದೆ ಬರಲೇಬೇಕಾಯಿತು.

ಮೇಜಿನ ತುದಿಯಲ್ಲಿ ನಿಂತು ಕರೆಂಟಣ್ಣ ಹೇಳಿದ. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಮರೆತುಹೋಗಿದ್ದವು. "ಭಾವ ಕೊಟ್ಟ ಕಾರ್ಡು ಚೆನ್ನಾಗೇ ಇತ್ತು. ವೈರ್ ತಪ್ಪು ಹಾಕಿದ್ದು ನಾನು. ಎರಡು ಸಾಕೆಟ್ಟಿತ್ತು, ಹಾಕಬಾರದ್ದಕ್ಕೆ ಹಾಕಿದೆ. ನೋಡು ಅಂತ ಅವರು ಇಲ್ಲೇ ಹೇಳಿದ್ರು, ನಾನೇ ಕೇಳ್ಲಿಲ್ಲ. ತಪ್ಪಾಯ್ತು ಭಾವ."

ಲೇತ್ ಆಪರೇಟರು ಮೇಜು ಗುದ್ದಿ ಗುದ್ದಿ ನಕ್ಕ. "ವೈರು! ಕರೆಂಟಣ್ಣ! ವೈರು!" ಎಲ್ಲರೂ ನಕ್ಕರು. ನಗಲಿ ಎಂದು ಕರೆಂಟಣ್ಣ ನಿಂತೇ ಇದ್ದ. ಆ ನಗೆಯ ನಡುವೆ, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಪ್ಯಾಕಿಂಗ್ ಸೆಕ್ಷನ್ನಿನವಳೊಬ್ಬಳು ತಟ್ಟೆ ಹಿಡಿದು ಬಂದು, ಭಾವನಿಗೆ ತುಂಬ ಮರ್ಯಾದೆಯಿಂದ, "ಗುಜರಿ ಭಾವ, ಒಂಚೂರು ಜರುಗ್ತೀರಾ ಸಾರ್?" ಎಂದಳು. ಅವಳು ಅದನ್ನು ಅವನ ಹೆಸರೆಂದೇ ತಿಳಿದಿದ್ದಳು. ಭಾವ ಜರುಗಿ ಜಾಗ ಕೊಟ್ಟ.

ಕರೆಂಟಣ್ಣ ಕವರು ಮುಂದೆ ಚಾಚಿದ. ಭಾವ ಅದನ್ನು ತೆಗೆದುಕೊಳ್ಳಲಿಲ್ಲ. "ಮಗುಗೆ ಹೇಳಿದ್ಯಾ?" ಎಂದು ಕೇಳಿದ.

"ಇಲ್ಲ ಭಾವ."

"ಹೂಂ." ಭಾವ ಡಬ್ಬಿ ಬಿಚ್ಚಿದ. "ಕೂತ್ಕೋ. ಊಟ ಮಾಡು."

ಮಗಳಿಗೆ ಹೇಳುವುದಕ್ಕಿಂತ ಕ್ಯಾಂಟೀನಿನ ನಗು ಎಷ್ಟೋ ಸುಲಭವಾಗಿತ್ತು. ಸಂಜೆ ಮನೆಗೆ ಬಂದು ಕರೆಂಟಣ್ಣ ಡಬ್ಬವನ್ನು ಈಚೆಗೆಳೆದು, ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಎರಡು ಸಾಕೆಟ್ಟುಗಳನ್ನೂ ತೋರಿಸಿದ. ಅವತ್ತು ಅಪ್ಪ ವೈರನ್ನು ಇಲ್ಲಿಗೆ ಹಾಕಿದ್ದು ಕಣಮ್ಮ, ಹಾಕಬೇಕಾಗಿದ್ದದ್ದು ಇಲ್ಲಿಗೆ ಎಂದ.

"ಇಷ್ಟೇನಾ?"

"ಇಷ್ಟೇ."

ಹುಡುಗಿ ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. "ಮಾವಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ನಾನು ಹಾಗಂದಾಗ ಯಾಕೆ ಸುಮ್ನಿದ್ರು?"

ಉತ್ತರವನ್ನು ಮಗಳು ತಾನೇ ಕಂಡುಕೊಂಡಳು. ಅದು ಅವಳ ಮುಖದ ಮೇಲೆ ಕಾಣಿಸಿತು. ಕಿವಿ ಕೆಂಪಾಯಿತು. ಕ್ಯಾಂಟೀನಿನಲ್ಲಿ ಕೆಂಪಾದ ಭಾವನ ಕಿವಿ ಅವನಿಗೆ ನೆನಪಾಯಿತು.

"ನೀನು ತಪ್ಪು ಹಾಕಲ್ಲ ಅಂತ ನಾನು ಅವರಿಗೆ ಹೇಳ್ಬಿಟ್ನಲ್ಲ ಅಪ್ಪಾ" ಎಂದು ಅವಳು ಅಳತೊಡಗಿದಳು.

ಸಮಾಧಾನ ಮಾಡಲು ಕೈ ಚಾಚಿದರೆ ಅವಳು ಎದ್ದುಬಿಟ್ಟಳು. ಕಣ್ಣೊರೆಸಿಕೊಂಡು, ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡು, "ಮಾವನ ಮನೆಗೆ" ಎಂದಳು. ಕರೆಂಟಣ್ಣ ಕವರನ್ನು ಜೇಬಿಗಿಟ್ಟುಕೊಂಡು ಹಿಂದೆ ಹೊರಟ. ರಸ್ತೆ ದಾಟುವಾಗಲೂ ಅವಳು ಅಪ್ಪನ ಕೈ ಹಿಡಿಯಲಿಲ್ಲ.